ಯಾರ್ಕ್‌ಟೌನಿನಲ್ಲಿ ಸೋತವನು ಶ್ರೀರಂಗಪಟ್ಟಣಕ್ಕೆ ಹೇಗೆ ಬಂದ?

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಈ ಬಾರಿಯ ವಾರ್ಷಿಕೋತ್ಸವಕ್ಕೆ ಒಂಬತ್ತನೆಯ ತರಗತಿಯ ಮಕ್ಕಳು, ಟಿಪ್ಪು ತನ್ನ ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ ಪ್ರಸಂಗವನ್ನು ನಾಟಕವಾಗಿ ಆಡುತ್ತೇವೆ ಎಂದಿದ್ದಾರೆ. ತಾಲೀಮಿನ ಮೊದಲ ದಿನವೇ ಹುಡುಗನೊಬ್ಬ ಎದ್ದು ನಿಂತು, “ಮಿಸ್, ಈ ಕಾರ್ನ್‌ವಾಲಿಸ್ ಅಮೆರಿಕದಲ್ಲಿ ವಾಷಿಂಗ್ಟನ್ನಿಗೆ ಕತ್ತಿ ಒಪ್ಪಿಸಿ ಶರಣಾದವನಲ್ಲವೇ? ಅಲ್ಲಿ ಸೋತವನನ್ನು ಇಲ್ಲಿಗೆ ದೊಡ್ಡ ಅಧಿಕಾರಿಯನ್ನಾಗಿ ಯಾಕೆ ಕಳಿಸಿದರು?” ಎಂದು ಕೇಳಿದ. ಲಾರ್ಡ್ ಆಗಿದ್ದರಿಂದ ವಶೀಲಿ ನಡೆದಿರಬೇಕು ಎಂದೆ. ನನಗೇ ಸಮಾಧಾನವಾಗಲಿಲ್ಲ. ಇನ್ನೊಂದು ಚಿಂತೆಯೂ ಇದೆ. ನಾವು ನೋಡಿದ ಚಿತ್ರಗಳಲ್ಲೆಲ್ಲ ಅವನು ಆ ಮಕ್ಕಳನ್ನು ತಂದೆಯಂತೆ ಕೈಹಿಡಿದು ಬರಮಾಡಿಕೊಳ್ಳುತ್ತಾನೆ. ಹಾಗೆಯೇ ಆಡಿಸಿದರೆ ಊರಿನವರು ಏನೆನ್ನುತ್ತಾರೋ, ಅವನನ್ನು ರಾಕ್ಷಸನನ್ನಾಗಿ ಮಾಡಿದರೆ ಸುಳ್ಳು ಹೇಳಿದಂತಾಗುತ್ತದೋ ತಿಳಿಯುತ್ತಿಲ್ಲ. ನಿಜ ಏನು? ನಾಟಕವನ್ನು ಹೇಗೆ ಕಟ್ಟಬಹುದು?

ಉತ್ತರ: ಮೇಡಂ, ಮೊದಲು ಆ ಹುಡುಗನ ಬೆನ್ನು ತಟ್ಟಿ. ಕಾಲೇಜಿನಲ್ಲಿ ಬಹಳ ವರ್ಷ ಇತಿಹಾಸ ಪಾಠ ಮಾಡಿದವನು ನಾನು. ಅಮೆರಿಕದ ಕ್ರಾಂತಿಯನ್ನು ಒಂದು ಪತ್ರಿಕೆಯಲ್ಲಿ, ಮೈಸೂರು ಯುದ್ಧಗಳನ್ನು ಇನ್ನೊಂದು ಪತ್ರಿಕೆಯಲ್ಲಿ ಓದಿ, ಎರಡರಲ್ಲೂ ಬರುವ ಕಾರ್ನ್‌ವಾಲಿಸ್ ಒಬ್ಬನೇ ಎಂಬುದು ಪರೀಕ್ಷೆ ಮುಗಿದರೂ ಹೊಳೆಯದ ಎಂ.ಎ. ವಿದ್ಯಾರ್ಥಿಗಳನ್ನು ಕಂಡಿದ್ದೇನೆ. ನಿಮ್ಮ ಹುಡುಗ ಎರಡು ತುದಿಗಳನ್ನೂ ತಾನೇ ಗಂಟು ಹಾಕಿದ್ದಾನೆ.

ನಿಮ್ಮ ಚಿಂತೆ ಎರಡು: ಸೋತವನು ಮೇಲೇರಿದ್ದು ಹೇಗೆ, ಮತ್ತು ಅವನು ಒಳ್ಳೆಯವನೋ ಕೆಟ್ಟವನೋ. ‘ವಶೀಲಿ’ ಎಂದು ನೀವು ಹೇಳಿದ್ದು ಪೂರ್ತಿ ತಪ್ಪಲ್ಲ. ಆದರೆ ಅಷ್ಟೇ ಹೇಳಿ ಬಿಟ್ಟರೆ ಮಕ್ಕಳಿಗೆ ಅರ್ಧ ಉತ್ತರ ಸಿಕ್ಕಂತಾಗುತ್ತದೆ. ಆ ಕಾಲದ ಇಂಗ್ಲೆಂಡಿನಲ್ಲಿ ವಶೀಲಿ ಇಲ್ಲದೆ ಯಾರೂ ಮೇಲೇರುತ್ತಿರಲಿಲ್ಲ, ವಶೀಲಿ ಇದ್ದ ನೂರಾರು ಕುಲೀನರು ಎಲ್ಲಿಗೂ ಏರಲಿಲ್ಲ.

‘ಲಾರ್ಡ್’ ಎಂಬ ಪದದಿಂದಲೇ ಶುರುಮಾಡೋಣ, ಅರ್ಧ ಗೊಂದಲ ಅಲ್ಲೇ ಇದೆ. ಲಾರ್ಡ್ ಕಾರ್ನ್‌ವಾಲಿಸ್, ಲಾರ್ಡ್ ವೆಲ್ಲೆಸ್ಲಿ, ಲಾರ್ಡ್ ಡಾಲ್‌ಹೌಸಿ ಎಂದು ಉರು ಹೊಡೆದ ನಮ್ಮ ಮಕ್ಕಳು, ಗವರ್ನರ್ ಜನರಲ್ ಆದ ಕೂಡಲೇ ಹೆಸರಿನ ಹಿಂದೆ ಲಾರ್ಡ್ ಅಂಟಿಕೊಳ್ಳುತ್ತದೆ ಎಂದುಕೊಂಡಿರುತ್ತಾರೆ. ಹಾಗಿಲ್ಲ. ಮೊದಲ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಯಾವತ್ತೂ ಲಾರ್ಡ್ ಆಗಲಿಲ್ಲ. ಇಂಗ್ಲೆಂಡಿನ ಕುಲೀನರಲ್ಲಿ ಐದು ಮೆಟ್ಟಿಲುಗಳಿವೆ. ಕೆಳಗಿನಿಂದ ಎಣಿಸಿದರೆ ಬ್ಯಾರನ್, ವೈಕೌಂಟ್, ಅರ್ಲ್, ಮಾರ್ಕ್ವಿಸ್, ಡ್ಯೂಕ್. ಅಪ್ಪ ತೀರಿಕೊಂಡರೆ ಬಿರುದು ಹಿರಿಯ ಮಗನಿಗೆ ಬರುತ್ತದೆ. ಆ ಕಾಲದಲ್ಲಿ ಅದರ ಜೊತೆಗೇ ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ, ಅಂದರೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ, ಸಾಯುವ ತನಕ ಒಂದು ಆಸನವೂ ಸಿಗುತ್ತಿತ್ತು. ಚುನಾವಣೆ ಇರಲಿಲ್ಲ, ಮತ ಕೇಳುವ ಕೆಲಸವಿರಲಿಲ್ಲ. ನಮ್ಮ ಕಡೆ ಪಟೇಲಿಕೆ, ಶಾನುಭೋಗಿಕೆಗಳು ಮನೆತನದಲ್ಲಿ ಇಳಿದು ಬರುತ್ತಿದ್ದವಲ್ಲ, ಅಲ್ಲಿ ಶಾಸನ ಮಾಡುವ ಹಕ್ಕೇ ಹಾಗೆ ಇಳಿದು ಬರುತ್ತಿತ್ತು.

ಚಾರ್ಲ್ಸ್ ಕಾರ್ನ್‌ವಾಲಿಸ್ ಹುಟ್ಟಿದ್ದು 1738ರ ಡಿಸೆಂಬರ್ 31ರಂದು, ಲಂಡನ್ನಿನ ಗ್ರೋವ್ನರ್ ಸ್ಕ್ವೇರ್‌ನಲ್ಲಿ. ಮನೆತನದ ಜಮೀನು ಸಫೋಕ್ ಪ್ರಾಂತದಲ್ಲಿ. ಅವನ ಚಿಕ್ಕಪ್ಪ ಮುಂದೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದ. ಒಬ್ಬ ತಮ್ಮ ನೌಕಾಪಡೆಯ ಅಡ್ಮಿರಲ್, ಇನ್ನೊಬ್ಬ ಬಿಷಪ್. ಚರ್ಚು, ಸೇನೆ, ಪಾರ್ಲಿಮೆಂಟು ಮೂರರಲ್ಲೂ ಮನೆಯವರಿದ್ದರು. ಓದಿದ್ದು ಈಟನ್ ಶಾಲೆಯಲ್ಲಿ, ಸ್ವಲ್ಪ ಕಾಲ ಕೇಂಬ್ರಿಜ್‌ನಲ್ಲಿ. ಈಟನ್‌ನಲ್ಲಿ ಹಾಕಿ ಆಡುವಾಗ ಜೊತೆಯ ಹುಡುಗನಿಂದ ಕಣ್ಣಿಗೆ ಪೆಟ್ಟು ಬಿದ್ದು, ಒಂದು ಕಣ್ಣು ಜೀವನಪರ್ಯಂತ ಓರೆಯಾಗಿಯೇ ಉಳಿಯಿತು. ಹೊಡೆದ ಹುಡುಗ ಮುಂದೆ ಡರ್ಹಮ್‌ನ ಬಿಷಪ್ ಆದ. ಎಷ್ಟು ಚಿಕ್ಕ ಪ್ರಪಂಚ ಅದು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

1760ರಲ್ಲಿ ಇಪ್ಪತ್ತೊಂದು ತುಂಬಿದ ಕೂಡಲೇ ‘ಐ’ ಎಂಬ ಪುಟ್ಟ ಊರಿನಿಂದ ಕೆಳಮನೆಗೆ ಆಯ್ಕೆಯಾದ. ಅದು ಅವರ ಮನೆತನದ ಅಂಗೈಯಲ್ಲಿದ್ದ ಕ್ಷೇತ್ರ. 1762ರಲ್ಲಿ ತಂದೆ ತೀರಿಕೊಂಡಾಗ ಎರಡನೆಯ ಅರ್ಲ್ ಆಗಿ ಮೇಲ್ಮನೆಗೆ ಹೋದ. ಅಷ್ಟರಲ್ಲಿ ಜರ್ಮನಿಯ ರಣರಂಗದಲ್ಲಿ ಏಳು ವರ್ಷಗಳ ಯುದ್ಧದ ರುಚಿಯನ್ನೂ ನೋಡಿ ಬಂದಿದ್ದ. ದುಡ್ಡು ಕೊಟ್ಟು ದರ್ಜೆ ಕೊಂಡು ಮನೆಯಲ್ಲಿ ಕೂರುವ ಕುಲೀನರ ನಡುವೆ ಅವನು ಸೈನಿಕ ವಿದ್ಯೆ ಕಲಿಯಲೆಂದೇ ಇಟಲಿಯ ಟ್ಯೂರಿನ್‌ಗೆ ಹೋಗಿದ್ದವನು. ಇದು ಗಮನದಲ್ಲಿರಲಿ.

ಈಗ ನಿಮ್ಮ ಹುಡುಗನ ಪ್ರಶ್ನೆಗೆ ಬೀಗದಕೈ. 1766ರಲ್ಲಿ ಹೌಸ್ ಆಫ್ ಲಾರ್ಡ್ಸ್ ಮುಂದೆ ಒಂದು ನಿರ್ಣಯ ಬಂತು: ಅಮೆರಿಕದ ವಸಾಹತುಗಳ ಮೇಲೆ ಯಾವ ವಿಷಯದಲ್ಲಾದರೂ ಸರಿ, ಕಾನೂನು ಮಾಡುವ ಪೂರ್ಣ ಅಧಿಕಾರ ಬ್ರಿಟಿಷ್ ಪಾರ್ಲಿಮೆಂಟಿಗೆ ಉಂಟು ಎಂದು. 125 ಮಂದಿ ಪರವಾಗಿ ನಿಂತರು, ವಿರುದ್ಧ ಐದೇ ಮಂದಿ. ಆ ಐವರಲ್ಲಿ ಇಪ್ಪತ್ತೇಳರ ಕಾರ್ನ್‌ವಾಲಿಸ್ ಒಬ್ಬ. ಅಮೆರಿಕದವರ ವಿರುದ್ಧ ಕತ್ತಿ ಹಿಡಿದು ಹೆಸರಾದವನು, ಅವರ ಪರವಾಗಿ ಮತ ಹಾಕಿದ ಬೆರಳೆಣಿಕೆಯವರಲ್ಲಿ ಒಬ್ಬನಾಗಿದ್ದ. ಯುದ್ಧ ಶುರುವಾದಾಗ ಮಾತ್ರ ದೊರೆಯ ಸಂಬಳ ತಿಂದ ಸೈನಿಕನಂತೆ ಹೊರಟ. ಮತ ಒಂದು ಕಡೆ, ಕರ್ತವ್ಯ ಇನ್ನೊಂದು ಕಡೆ. ಎರಡಕ್ಕೂ ತಾಳೆ ಹಾಕುವ ಗೋಜಿಗೆ ಅವನು ಹೋದಂತೆ ಕಾಣುವುದಿಲ್ಲ.

ಅಮೆರಿಕದಲ್ಲಿ ಅವನು ಸೋತದ್ದಕ್ಕಿಂತ ಗೆದ್ದದ್ದೇ ಹೆಚ್ಚು. 1780ರ ಆಗಸ್ಟಿನಲ್ಲಿ ಕ್ಯಾಮ್ಡೆನ್‌ನಲ್ಲಿ ಅಮೆರಿಕದ ಸೇನಾನಿ ಗೇಟ್ಸ್‌ನ ಸೇನೆಯನ್ನು ಚಿಂದಿ ಮಾಡಿದ. 1781ರ ಮಾರ್ಚಿನಲ್ಲಿ ಗಿಲ್ಫರ್ಡ್ ಕೋರ್ಟ್‌ಹೌಸ್‌ನಲ್ಲಿಯೂ ರಣರಂಗ ಅವನ ಕೈಯಲ್ಲೇ ಉಳಿಯಿತು, ಆದರೆ ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚು ಸೈನಿಕರು ಸತ್ತೋ ಗಾಯಗೊಂಡೋ ಹೋದರು. ಇನ್ನೊಂದು ಇಂಥ ಗೆಲುವು ಸಿಕ್ಕರೆ ನಮ್ಮ ಸೇನೆಯೇ ಮುಗಿದಂತೆ ಎಂದು ಲಂಡನ್ನಿನಲ್ಲಿ ವಿರೋಧಿಗಳು ಕುಟುಕಿದರು. ಅದರ ನಡುವೆ, 1779ರಲ್ಲಿ, ಹೆಂಡತಿ ಜೆಮೈಮಾ ತೀರಿಕೊಂಡಿದ್ದಳು. ಚಿಕ್ಕ ಮಗಳು, ಇನ್ನೂ ಚಿಕ್ಕ ಮಗ. ಊರಿನಲ್ಲಿ ಇರಲಾರದೆ ಮತ್ತೆ ಅಮೆರಿಕಕ್ಕೆ ಹಡಗು ಹತ್ತಿದ.

ಕೊನೆಗೆ ವರ್ಜೀನಿಯದ ಯಾರ್ಕ್‌ಟೌನ್. ಸಮುದ್ರದ ದಡದಲ್ಲಿ ಬೀಡುಬಿಟ್ಟವನಿಗೆ ಸಮುದ್ರವೇ ಆಸರೆ. 1781ರ ಸೆಪ್ಟೆಂಬರಿನಲ್ಲಿ ಚೆಸಾಪೀಕ್ ಕೊಲ್ಲಿಯ ಬಾಯಲ್ಲಿ ಫ್ರೆಂಚ್ ಹಡಗುಪಡೆ ಬ್ರಿಟಿಷ್ ಹಡಗುಗಳನ್ನು ಹಿಮ್ಮೆಟ್ಟಿಸಿತು. ನೆಲದ ಕಡೆಯಿಂದ ವಾಷಿಂಗ್ಟನ್ ಮತ್ತು ಫ್ರೆಂಚ್ ಸೇನಾನಿ ರೋಷಾಂಬೋ ಬಂದು ಮುತ್ತಿದರು. ಅಕ್ಟೋಬರ್ 19ರಂದು ಏಳು ಸಾವಿರಕ್ಕೂ ಹೆಚ್ಚು ಮಂದಿ ಶರಣಾದರು.

ಇಲ್ಲಿ ನಿಮ್ಮ ಹುಡುಗನ ಮಾತಿಗೆ ಒಂದು ತಿದ್ದುಪಡಿ. ಕಾರ್ನ್‌ವಾಲಿಸ್ ವಾಷಿಂಗ್ಟನ್ನಿಗೆ ಕತ್ತಿ ಒಪ್ಪಿಸಲಿಲ್ಲ. ಮೈಗೆ ಹುಷಾರಿಲ್ಲ ಎಂದು ಬಿಡಾರದಿಂದ ಹೊರಗೇ ಬರಲಿಲ್ಲ. ಕತ್ತಿ ಹಿಡಿದು ಹೋದವನು ಅವನ ಕೈಕೆಳಗಿನ ಓ’ಹಾರ. ಓ’ಹಾರ ಮೊದಲು ಫ್ರೆಂಚರ ರೋಷಾಂಬೋಗೆ ಕೊಡಲು ಹೋದ. ರೋಷಾಂಬೋ ವಾಷಿಂಗ್ಟನ್ನನ ಕಡೆ ಕೈ ತೋರಿಸಿದ. ಬಂದವನು ಸಹಾಯಕನಾದ್ದರಿಂದ ವಾಷಿಂಗ್ಟನ್ ತನ್ನ ಸಹಾಯಕ ಬೆಂಜಮಿನ್ ಲಿಂಕನ್ನನ ಕಡೆ ಕೈ ತೋರಿಸಿದ. ಸೋಲಿನಲ್ಲೂ ದರ್ಜೆಯ ಲೆಕ್ಕಾಚಾರ ಬಿಡಲಿಲ್ಲ. ಕಾಯಿಲೆ ನಿಜವೋ ನೆಪವೋ ಎಂದು ಇಂದಿಗೂ ವಾದಿಸುವವರಿದ್ದಾರೆ. ನನ್ನ ಅನಿಸಿಕೆ, ಮೈಯ ಕಾಯಿಲೆಗಿಂತ ಮುಖದ ಕಾಯಿಲೆಯೇ ಹೆಚ್ಚಿತ್ತು.

ಆಮೇಲೆ ನಡೆದದ್ದು ನಾಟಕದ ವಸ್ತುವೇ. ಸೆರೆಯಾದ ದೊಡ್ಡ ಅಧಿಕಾರಿಯನ್ನು, ಮತ್ತೆ ಯುದ್ಧ ಮಾಡುವುದಿಲ್ಲವೆಂಬ ಮಾತು ಪಡೆದು ಊರಿಗೆ ಕಳಿಸುವುದು ಆಗಿನ ರೂಢಿ. ಆ ಮಾತಿನಿಂದ ಬಿಡುಗಡೆ ಸಿಗಬೇಕಾದರೆ ಎದುರಾಳಿಗಳ ಕಡೆಯ ಸರಿಸಮಾನ ಸೆರೆಯಾಳನ್ನು ಬಿಡಬೇಕು. ಕಾರ್ನ್‌ವಾಲಿಸ್‌ಗೆ ಬದಲಾಗಿ ಬಂದವನು ಹೆನ್ರಿ ಲಾರೆನ್ಸ್, ಅಮೆರಿಕದ ಕಾಂಗ್ರೆಸ್ಸಿನ ಮಾಜಿ ಅಧ್ಯಕ್ಷ. ಅವನನ್ನು ಸೆರೆಯಿಟ್ಟದ್ದು ಲಂಡನ್ನಿನ ಟವರ್ ಕೋಟೆಯಲ್ಲಿ. 1771ರಿಂದ ಆ ಕೋಟೆಯ ಮುಖ್ಯಾಧಿಕಾರಿಯ ಬಿರುದು ಹೊತ್ತವನು ಬೇರೆ ಯಾರೂ ಅಲ್ಲ, ಕಾರ್ನ್‌ವಾಲಿಸ್. ಅಂದರೆ ಕಾಗದದ ಮೇಲೆ ಸೆರೆಮನೆಯ ಯಜಮಾನನಿಗೂ ಅವನ ಕೈದಿಗೂ ವಿನಿಮಯ!

ಸರಿ, ಅವನ ಮೇಲೆ ಕ್ರಮ ಯಾಕೆ ಆಗಲಿಲ್ಲ? ಒಂದು, ತಪ್ಪಿನಲ್ಲಿ ಪಾಲುದಾರರು ಬಹಳ. ಮೇಲಧಿಕಾರಿ ಕ್ಲಿಂಟನ್ ನ್ಯೂಯಾರ್ಕಿನಲ್ಲಿ ಕುಳಿತು ಗೊಂದಲದ ಆಜ್ಞೆಗಳನ್ನು ಕಳಿಸುತ್ತಿದ್ದ, ಹಡಗುಗಳು ಸಮಯಕ್ಕೆ ಬರಲಿಲ್ಲ. ಕ್ಲಿಂಟನ್ ಮತ್ತು ಕಾರ್ನ್‌ವಾಲಿಸ್ ಆಮೇಲೆ ಕರಪತ್ರ ಅಚ್ಚು ಹಾಕಿಸಿ ಒಬ್ಬರ ಮೇಲೊಬ್ಬರು ಕೆಸರೆರಚಿದರು. ವರ್ಜೀನಿಯಕ್ಕೆ ಮೇಲಧಿಕಾರಿಯ ಒಪ್ಪಿಗೆಗೆ ಕಾಯದೆ ನುಗ್ಗಿದ್ದು ಕಾರ್ನ್‌ವಾಲಿಸ್‌ನದೇ ತಪ್ಪು, ಅದನ್ನು ಮುಚ್ಚಬೇಕಿಲ್ಲ. ಎರಡನೆಯದು ಮುಖ್ಯ. ಯಾರ್ಕ್‌ಟೌನಿನ ಸುದ್ದಿ ಲಂಡನ್ ತಲುಪಿದ ಮೇಲೆ ಉರುಳಿದ್ದು ಕಾರ್ನ್‌ವಾಲಿಸ್ ಅಲ್ಲ, ಪ್ರಧಾನಿ ಲಾರ್ಡ್ ನಾರ್ತ್. 1782ರ ಮಾರ್ಚಿನಲ್ಲಿ ಸರ್ಕಾರ ಬಿತ್ತು. ಅಧಿಕಾರಕ್ಕೆ ಬಂದವರು ಆ ಯುದ್ಧವೇ ಬೇಡವೆಂದಿದ್ದವರು. ಅದೇ ವರ್ಷ ಪ್ರಧಾನಿಯಾದ ಶೆಲ್ಬರ್ನ್, 1766ರ ಆ ಐವರಲ್ಲಿ ಒಬ್ಬ! ಹೊಸಬರ ಕಣ್ಣಿಗೆ ಕಾರ್ನ್‌ವಾಲಿಸ್, ತಪ್ಪು ನೀತಿಯನ್ನು ವಿರೋಧಿಸಿಯೂ ಕರ್ತವ್ಯ ಮಾಡಿದವನು. ಹಳಬರ ಕಣ್ಣಿಗೆ, ದೊರೆ ಮೂರನೆಯ ಜಾರ್ಜ್‌ನ ಕಣ್ಣಿಗೆ, ಕೊನೆಯ ತನಕ ಕಾದಿದ ನಿಷ್ಠಾವಂತ. ಎರಡೂ ಬಣಕ್ಕೆ ಬೇಕಾದವನು ಅವನೊಬ್ಬನೇ ಉಳಿದಿದ್ದ.

ಮೂರನೆಯ ಕಾರಣ ಭಾರತದ್ದೇ. ಕಂಪನಿಯ ನೌಕರರು ಇಲ್ಲಿ ಬರಿಗೈಯಲ್ಲಿ ಬಂದು ನವಾಬರಂತೆ ಮರಳುತ್ತಿದ್ದರು. ಬಂಗಾಳದ ಲೂಟಿಯ ಸುದ್ದಿಗಳಿಂದ ಪಾರ್ಲಿಮೆಂಟು ಕಾದ ಕಾವಲಿಯಾಗಿತ್ತು. ಕೈ ಶುದ್ಧವಿರುವ, ಕಂಪನಿಯ ಒಳಗಿನವನಲ್ಲದ, ಬಿರುದಿನ ತೂಕವಿರುವ ಒಬ್ಬನು ಪ್ರಧಾನಿ ಪಿಟ್‌ಗೆ ಬೇಕಾಗಿದ್ದ. ಕಾರ್ನ್‌ವಾಲಿಸ್ ತಕ್ಷಣ ಒಪ್ಪಲಿಲ್ಲ. ಹೇಸ್ಟಿಂಗ್ಸ್ ತನ್ನದೇ ಕೌನ್ಸಿಲಿನ ಬಹುಮತದ ಕೈಯಲ್ಲಿ ಒದ್ದಾಡಿದ್ದನ್ನು ಕಂಡಿದ್ದ. ಗವರ್ನರ್ ಜನರಲ್ ಹುದ್ದೆಯ ಜೊತೆ ಸೇನಾಧಿಪತ್ಯವೂ ಬೇಕು, ಅಗತ್ಯ ಬಿದ್ದಾಗ ಕೌನ್ಸಿಲ್ಲನ್ನು ಬದಿಗೊತ್ತುವ ಅಧಿಕಾರವೂ ಬೇಕು ಎಂದು ಪಟ್ಟು ಹಿಡಿದ. ಅವನಿಗಾಗಿ 1786ರಲ್ಲಿ ಕಾನೂನನ್ನೇ ತಿದ್ದಿದರು. ಆ ಸೆಪ್ಟೆಂಬರಿನಲ್ಲಿ ಕಲ್ಕತ್ತದಲ್ಲಿ ಇಳಿದ. ಶಿಕ್ಷೆಯೆಂದು ಭಾರತಕ್ಕೆ ಅಟ್ಟಿದರು ಎಂಬ ಮಾತು ಕೆಲವು ಕಡೆ ಕೇಳಿಬರುತ್ತದೆ. ತಿರುಗುಮುರುಗು. ಗೋಗರೆದು ಕರೆತಂದರು.

ಬಂಗಾಳದ ಆಡಳಿತವನ್ನು ಚಿಕ್ಕದಾಗಿ ಹೇಳುತ್ತೇನೆ, ನಿಮ್ಮ ಪಠ್ಯದಲ್ಲಿಯೇ ಇದೆ. ಕಲೆಕ್ಟರುಗಳ ಖಾಸಗಿ ವ್ಯಾಪಾರ ನಿಲ್ಲಿಸಿದ, ತಿಂಗಳಿಗೆ 1500 ರೂಪಾಯಿ ಸಂಬಳವನ್ನೂ ಕಂದಾಯದ ಮೇಲೆ ಕಮಿಷನ್ನನ್ನೂ ಕೊಟ್ಟ. ಕಂದಾಯವನ್ನೂ ನ್ಯಾಯದಾನವನ್ನೂ ಬೇರೆ ಮಾಡಿದ. ಠಾಣೆಗೊಬ್ಬ ದರೋಗನನ್ನು, ಅಂದರೆ ಪೊಲೀಸ್ ಅಧಿಕಾರಿಯನ್ನು, ನೇಮಿಸಿದ. 1793ರಲ್ಲಿ ಖಾಯಂ ಜಮೀನ್ದಾರಿ ಪದ್ಧತಿ ತಂದ. ಸಂಗ್ರಹವಾದದ್ದರಲ್ಲಿ ಹನ್ನೊಂದರಲ್ಲಿ ಹತ್ತು ಪಾಲು ಸರ್ಕಾರಕ್ಕೆ, ಒಂದು ಪಾಲು ಜಮೀನ್ದಾರನಿಗೆ, ಲೆಕ್ಕ ಎಂದೆಂದಿಗೂ ಬದಲಾಗದು. ಸಫೋಕ್‌ನ ಜಮೀನಿನೊಡೆಯನಿಗೆ, ಭೂಮಿ ಒಬ್ಬ ಒಡೆಯನದಾದರೆ ಅವನು ಅದನ್ನು ಕಾಪಾಡುತ್ತಾನೆ ಎನ್ನಿಸಿದ್ದು ಸಹಜವೇ. ಉಳುವವನ ಹಕ್ಕೇನು ಎಂದು ಯಾರೂ ಕೇಳಲಿಲ್ಲ. ಕೈ ಶುದ್ಧವಿದ್ದ ಇದೇ ಮನುಷ್ಯ, ಭಾರತೀಯರು ನಂಬಿಕೆಗೆ ಯೋಗ್ಯರಲ್ಲವೆಂದು ದೊಡ್ಡ ಹುದ್ದೆಗಳ ಬಾಗಿಲನ್ನೆಲ್ಲ ಮುಚ್ಚಿದ. ಲಂಚ ತಿನ್ನುತ್ತಿದ್ದವರು ಅವನ ಕಡೆಯವರೇ. ಅವರಿಗೆ ಸಂಬಳ ಹೆಚ್ಚಿತು, ನಮ್ಮವರಿಗೆ ಬಾಗಿಲು ಮುಚ್ಚಿತು. ನನಗೆ ಅವನ ಮೇಲೆ ಇರುವ ದೊಡ್ಡ ತಕರಾರು ಒತ್ತೆಯಾಳುಗಳದ್ದಲ್ಲ, ಇದು.

ಈಗ ನಿಮ್ಮ ಊರಿನ ಕಡೆಗೆ ಬರೋಣ. 1789ರ ಕೊನೆಯಲ್ಲಿ ಟಿಪ್ಪು ಕಂಪನಿಯ ಮಿತ್ರರಾಜ್ಯವಾದ ತಿರುವಾಂಕೂರಿನ ಗಡಿಗೋಡೆಯ ಮೇಲೆ ದಾಳಿ ಮಾಡಿದ. ಕಂಪನಿ, ಮರಾಠರು, ನಿಜಾಮ ಒಂದಾದರು. ಮದರಾಸಿನ ಜನರಲ್ ಮೆಡೋಸ್ ಒಂದು ವರ್ಷ ಓಡಾಡಿ ಹೆಚ್ಚೇನೂ ಸಾಧಿಸಲಿಲ್ಲ, ಆಗ ಕಾರ್ನ್‌ವಾಲಿಸ್ ತಾನೇ ಬಂದ. 1791ರ ಮಾರ್ಚ್ 7ರಂದು ಬೆಂಗಳೂರು ಪೇಟೆ ಬಿತ್ತು, ಮಾರ್ಚ್ 21ರ ರಾತ್ರಿ ಕೋಟೆಯೂ ಬಿತ್ತು. ಕೋಟೆಯ ಅಧಿಕಾರಿ, ಕಿಲ್ಲೇದಾರ ಬಹಾದೂರ್ ಖಾನ್ ಕಾದಾಡುತ್ತಲೇ ಸತ್ತ. ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯ ಹತ್ತಿರ ಉಳಿದಿರುವ ಕೋಟೆಯ ತುಣುಕಿನಲ್ಲಿ, ಬ್ರಿಟಿಷರು ಈ ಬಿರುಕಿನಿಂದ ಲಗ್ಗೆಯಿಟ್ಟರು ಎಂಬ ಕಲ್ಲಿನ ಫಲಕ ಈಗಲೂ ಇದೆ. ಒಮ್ಮೆ ನನ್ನ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ, ಫಲಕ ಓದಿದ ಹುಡುಗಿಯೊಬ್ಬಳು, “ಒಳಗಿದ್ದವರ ಫಲಕ ಎಲ್ಲಿದೆ ಸರ್?” ಎಂದಳು. ತೋರಿಸಲು ಇರಲಿಲ್ಲ.

ಮುಂದಿನ ಎರಡು ತಿಂಗಳು ಪಠ್ಯಪುಸ್ತಕಗಳಲ್ಲಿ ಬರುವುದೇ ಇಲ್ಲ, ನಿಮಗೆ ಬೇಕಾದದ್ದು ಮಾತ್ರ ಅಲ್ಲೇ ಇದೆ. ಮೇ 15ರಂದು ಅರಕೆರೆಯ ಬಳಿ ಕಾರ್ನ್‌ವಾಲಿಸ್ ಟಿಪ್ಪುವಿನ ಸೇನೆಯನ್ನು ಹಿಂದಕ್ಕೆ ತಳ್ಳಿ ಶ್ರೀರಂಗಪಟ್ಟಣದ ಕಣ್ಣೆದುರಿಗೇ ನಿಂತ. ಆದರೆ ಹೊಟ್ಟೆಗಿಲ್ಲ. ಟಿಪ್ಪು ದಾರಿಯುದ್ದಕ್ಕೂ ಮೇವು, ದವಸ ಸುಟ್ಟಿದ್ದ. ಮಳೆ ಮುಂಚೆಯೇ ಹಿಡಿಯಿತು. ಬೀಡಿನಲ್ಲಿ ಸಿಡುಬು. ಎತ್ತುಗಳು ಸಾವಿರಗಟ್ಟಲೆ ಬಿದ್ದು ಸತ್ತವು, ಕೋಟೆ ಒಡೆಯುವ ದೊಡ್ಡ ತೋಪುಗಳನ್ನು ಎಳೆಯಲು ಏನೂ ಉಳಿಯಲಿಲ್ಲ. ಕೊನೆಗೆ ಕನ್ನಂಬಾಡಿಯಲ್ಲಿ ತನ್ನ ದೊಡ್ಡ ತೋಪುಗಳನ್ನು ತಾನೇ ಸಿಡಿಸಿ ಹಾಳುಮಾಡಿ ಬೆಂಗಳೂರಿನ ದಾರಿ ಹಿಡಿದ. ಹೌದು, ಇಂದು ಅಣೆಕಟ್ಟಿನ ನೀರಿನಡಿ ಇರುವ ಹಳೆಯ ಕನ್ನಂಬಾಡಿಯ ಕಡೆಯೇ. ಹಿಮ್ಮೆಟ್ಟುವಾಗ ದೂರದಲ್ಲಿ ಕುದುರೆ ದಂಡು ಕಂಡು, ಟಿಪ್ಪು ಬಂದನೆಂದು ಗಾಬರಿಬಿದ್ದರು. ಬಂದವರು ಮಿತ್ರರು, ಹರಿಪಂತ ಮತ್ತು ಪರಶುರಾಮ ಭಾವುವಿನ ಮರಾಠರು. ಅವರ ದಂಡಿನ ಜೊತೆಗೆ ಒಂದು ಸಂತೆಯೇ ನಡೆದುಬರುತ್ತಿತ್ತು. ಹಸಿದ ಇಂಗ್ಲಿಷರು ಕೇಳಿದ ಬೆಲೆ ಕೊಟ್ಟು ಅಕ್ಕಿಬೇಳೆ ಕೊಂಡರು. ಎರಡನೆಯ ಯಾರ್ಕ್‌ಟೌನ್ ಮಂಡ್ಯದ ನೆಲದಲ್ಲಿ ನಡೆದುಹೋಗುವುದು ಕೂದಲೆಳೆಯಲ್ಲಿ ತಪ್ಪಿತು ಎಂದು ನಿಮ್ಮ ಹುಡುಗನಿಗೆ ಹೇಳಿ.

ಈ ಬಾರಿ ಅವನು ಪಾಠ ಕಲಿತಿದ್ದ. ಮಳೆಗಾಲ ಕಳೆದು ಮೊದಲು ಬೆನ್ನ ಹಿಂದಿನ ದಾರಿ ಭದ್ರಮಾಡಿಕೊಂಡ. ಅಕ್ಟೋಬರಿನಲ್ಲಿ ನಂದಿದುರ್ಗ, ಡಿಸೆಂಬರಿನಲ್ಲಿ ಸಾವನದುರ್ಗ, ಹುತ್ರಿದುರ್ಗ. 1792ರ ಫೆಬ್ರವರಿ 6ರ ರಾತ್ರಿ ಮೂರು ತಂಡಗಳಾಗಿ ಶ್ರೀರಂಗಪಟ್ಟಣದ ಹೊರಬೀಡಿನ ಮೇಲೆ ಬಿದ್ದ. ದ್ವೀಪದ ಬಹುಭಾಗ ಕೈಸೇರಿತು. ಟಿಪ್ಪುವಿನ ಲಾಲ್‌ಬಾಗಿನ ಮರಗಳನ್ನು ಕಡಿದು ಮುತ್ತಿಗೆಯ ಸಾಮಾನು ಮಾಡಿಕೊಂಡರು. ಆದರೂ ಕೋಟೆಯನ್ನು ತೆಗೆದುಕೊಳ್ಳಲಿಲ್ಲ. ದಯೆಯಿಂದಲ್ಲ. ರಾಜ್ಯ ಗೆಲ್ಲುವ ಯೋಜನೆಗಳು ಬೇಡವೆಂದು ಪಾರ್ಲಿಮೆಂಟಿನ 1784ರ ಕಾನೂನೇ ಹೇಳಿತ್ತು, ಬೊಕ್ಕಸ ಬರಿದಾಗಿತ್ತು, ಟಿಪ್ಪು ಇಲ್ಲವಾದರೆ ಆ ಜಾಗಕ್ಕೆ ಮರಾಠರು ಬಂದು ಕೂರುತ್ತಾರೆಂಬ ಲೆಕ್ಕವೂ ಇತ್ತು. ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಹಣ ತೀರುವ ತನಕ ಇಬ್ಬರು ಗಂಡುಮಕ್ಕಳು ಒತ್ತೆ. ಇಷ್ಟಕ್ಕೆ ಒಪ್ಪಂದವಾಯಿತು. 1799ರಲ್ಲಿ ಟಿಪ್ಪು ಹತನಾದ ಯುದ್ಧಕ್ಕೂ ಕಾರ್ನ್‌ವಾಲಿಸ್‌ಗೂ ಸಂಬಂಧವಿಲ್ಲ. ಅದು ವೆಲ್ಲೆಸ್ಲಿಯ ಕಾಲ. ಮಕ್ಕಳು ಇವರಿಬ್ಬರನ್ನು ಕಲಸದಂತೆ ನೋಡಿಕೊಳ್ಳಿ.

ಫೆಬ್ರವರಿ 26ರಂದು ಹುಡುಗರು ಆನೆಯ ಮೇಲೆ ಬಂದರು. ಹಿರಿಯವನು ಅಬ್ದುಲ್ ಖಾಲಿಕ್, ಹತ್ತರ ಆಸುಪಾಸು. ಕಿರಿಯವನು ಮುಯಿಜುದ್ದೀನ್, ಎಂಟರ ಆಸುಪಾಸು. ಬಿಳಿ ಮಸ್ಲಿನ್ ಅಂಗಿ, ಕೆಂಪು ಪೇಟ, ಕೊರಳಲ್ಲಿ ಮುತ್ತಿನ ಸರಗಳು. ಸೇನೆಯಲ್ಲಿದ್ದ ಮೇಜರ್ ಡೈರಮ್ ಬರೆದಿಟ್ಟಂತೆ, ಟಿಪ್ಪುವಿನ ವಕೀಲ, ಅಂದರೆ ರಾಯಭಾರಿ, ಗುಲಾಂ ಅಲಿ, ಇವರು ಇಂದು ಬೆಳಗಿನ ತನಕ ಸುಲ್ತಾನರ ಮಕ್ಕಳು, ಇನ್ನು ಮುಂದೆ ನಿಮ್ಮನ್ನೇ ತಂದೆಯೆಂದು ಭಾವಿಸಬೇಕು ಎಂಬರ್ಥದ ಮಾತಾಡಿದ. ಕಾರ್ನ್‌ವಾಲಿಸ್ ಅಪ್ಪಿಕೊಂಡು, ಎರಡೂ ಬದಿಗೆ ಕೂರಿಸಿಕೊಂಡು, ಒಬ್ಬೊಬ್ಬರಿಗೆ ಒಂದೊಂದು ಚಿನ್ನದ ಗಡಿಯಾರ ಕೊಟ್ಟ. ಮರುದಿನ ಮಕ್ಕಳ ಡೇರೆಗೆ ಹೋಗಿ ಹಿರಿಯವನಿಗೆ ಬಂದೂಕು, ಕಿರಿಯವನಿಗೆ ಜೋಡಿ ಪಿಸ್ತೂಲು ಉಡುಗೊರೆ ಕೊಟ್ಟು ಬಂದ. ಇದೆಲ್ಲ ನಡೆದದ್ದೇ. ದಂಡಿನ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್ ಇದನ್ನು ಬಿಡಿಸಿದ. ಭಾರತವನ್ನೇ ಕಾಣದ ಮೇದರ್ ಬ್ರೌನ್ ಲಂಡನ್ನಿನಲ್ಲಿ ಕುಳಿತು ಇನ್ನೂ ಭರ್ಜರಿಯಾಗಿ ಬಿಡಿಸಿದ. ಅಮೆರಿಕದಲ್ಲಿ ಬಿಡಾರದೊಳಗೆ ಮುಖ ಮುಚ್ಚಿಕೊಂಡಿದ್ದವನನ್ನು ಇಲ್ಲಿ ಡೇರೆಯ ಬಾಗಿಲಲ್ಲಿ ಕೈಚಾಚಿ ನಿಲ್ಲಿಸುವ ಅಗತ್ಯ ಇಂಗ್ಲಿಷರಿಗೆ ಬಹಳವಿತ್ತು.

ಚಿತ್ರದಲ್ಲಿ ಇಲ್ಲದ್ದು ಮೂರು ವಾರಗಳ ಆಮೇಲಿನ ಕಥೆ. ಒಪ್ಪಂದದ ಅಂತಿಮ ಪಟ್ಟಿಯಲ್ಲಿ ಕೊಡಗಿನ ಹೆಸರು ಕಂಡು ಟಿಪ್ಪು ಕೆರಳಿದ. ಕೊಡಗು ಶ್ರೀರಂಗಪಟ್ಟಣದ ಬಾಗಿಲಲ್ಲೇ ಇರುವ ನಾಡು, ಅದನ್ನು ಹೇಗೆ ಬಿಟ್ಟುಕೊಡುವುದು ಎಂಬುದು ಅವನ ವಾದ. ಆಗ ಅದೇ ‘ತಂದೆ’ ಹುಡುಗರ ಕಾವಲಿನವರ ಆಯುಧ ಕಿತ್ತುಕೊಂಡು, ಹುಡುಗರನ್ನು ಬೆಂಗಳೂರಿನ ದಾರಿ ಹಿಡಿಸಿ, ಮುತ್ತಿಗೆಯ ಸಿದ್ಧತೆ ಮತ್ತೆ ಶುರುಮಾಡಿಸಿದ. ಟಿಪ್ಪು ಮಣಿದ. ಮಾರ್ಚ್ 18ರ ಒಪ್ಪಂದಕ್ಕೆ ಸಹಿ ಬಿತ್ತು. ಹುಡುಗರು ಎರಡು ವರ್ಷ ಮದರಾಸಿನಲ್ಲಿದ್ದು, ಹಣ ತೀರಿದ ಮೇಲೆ, 1794ರಲ್ಲಿ ದೇವನಹಳ್ಳಿಯಲ್ಲಿ ತಂದೆಯನ್ನು ಸೇರಿದರು. ಅವರನ್ನು ಹೊಡೆದರು ಬಡಿದರು ಎಂಬ ಕಥೆಗಳಿಗೆ ಆಧಾರವಿಲ್ಲ. ಗೌರವದಿಂದಲೇ ಇಟ್ಟುಕೊಂಡಿದ್ದರು. ಒತ್ತೆಯ ವಸ್ತುವನ್ನು ಕೆಡಿಸಿದರೆ ಅದರ ಬೆಲೆ ಹೋಗುತ್ತದೆಯಲ್ಲವೇ?

ಅವನಿಗೆ ಇದಕ್ಕೆ ಮಾರ್ಕ್ವಿಸ್ ಬಿರುದು ಸಿಕ್ಕಿತು. ಮುಂದೆ 1798ರಲ್ಲಿ ಐರ್ಲೆಂಡಿಗೆ ಹೋಗಿ ಬಂಡಾಯ ಅಡಗಿಸಿದ. ಸೋತವರನ್ನು ಕೊಲ್ಲುವುದು ನಿಲ್ಲಬೇಕೆಂದು ತನ್ನ ಕಡೆಯವರನ್ನೇ ಎದುರುಹಾಕಿಕೊಂಡ. ಐರಿಷ್ ಪಾರ್ಲಿಮೆಂಟನ್ನು ಬ್ರಿಟನ್ನಿನದರೊಳಗೆ ಕರಗಿಸಲು ಬಿರುದು, ಹುದ್ದೆ ಹಂಚಿ ಮತ ಕೊಂಡವನೂ ಅವನೇ. ಈ ಕೊಳಕು ಕೆಲಸಕ್ಕೆ ಇಳಿದ ನನ್ನನ್ನು ಗಳಿಗೆ ಗಳಿಗೆಗೂ ನಾನೇ ಹೇಸುತ್ತೇನೆ ಎಂದು 1799ರ ಪತ್ರವೊಂದರಲ್ಲಿ ಬರೆದುಕೊಂಡ. ಹೇಸಿದ, ಆದರೂ ಮಾಡಿ ಮುಗಿಸಿದ. ಕ್ಯಾಥೊಲಿಕರಿಗೆ ಹಕ್ಕು ಕೊಡಲು ದೊರೆ ಒಪ್ಪದಾಗ 1801ರಲ್ಲಿ ಹುದ್ದೆ ಬಿಟ್ಟ. ಮರುವರ್ಷ ಫ್ರೆಂಚರೊಡನೆ ಆಮಿಯಾ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ. 1805ರಲ್ಲಿ, ಅರವತ್ತಾರರ ವಯಸ್ಸಿನಲ್ಲಿ, ವೆಲ್ಲೆಸ್ಲಿಯ ಯುದ್ಧದಾಹಕ್ಕೆ ಕಡಿವಾಣ ಹಾಕಲೆಂದು ಮತ್ತೆ ಕಲ್ಕತ್ತಕ್ಕೆ ಕಳಿಸಿದರು. ಬಂದ ಮೂರು ತಿಂಗಳೊಳಗೆ, ಅಕ್ಟೋಬರ್ 5ರಂದು, ಗಾಜಿಪುರದಲ್ಲಿ ಸತ್ತ. ಗಂಗೆಯ ದಡದಲ್ಲಿ ಗುಮ್ಮಟದ ಸಮಾಧಿಯಿದೆ. ಮಗನಿಗೆ ಗಂಡುಸಂತಾನವಿರಲಿಲ್ಲ, ಮಾರ್ಕ್ವಿಸ್ ಬಿರುದು 1823ಕ್ಕೆ ಮುಗಿಯಿತು.

ಇನ್ನು ನಾಟಕ. ಚಿತ್ರದ ದೃಶ್ಯವನ್ನೇ ಆಡಿಸಿ ಪರದೆ ಎಳೆಯುವುದು ಸುಲಭ, ಮಕ್ಕಳ ವೇಷಕ್ಕೆ ಚಪ್ಪಾಳೆಯೂ ಬೀಳುತ್ತದೆ. ಆದರೆ ಗೆದ್ದವರು ತಮಗಾಗಿ ಬರೆಸಿಕೊಂಡ ಚಿತ್ರವನ್ನು ನಾವು ಬಿಟ್ಟಿಯಾಗಿ ಆಡಿಕೊಟ್ಟಂತೆ. ಅವನನ್ನು ಮೀಸೆ ತಿರುವುವ ಖಳನನ್ನಾಗಿ ಮಾಡುವುದೂ ಸುಲಭ. ಅದರ ಅಪಾಯ, ಯಾರಾದರೂ ಹಿರಿಯರು ಎದ್ದು ಗಡಿಯಾರದ ಕಥೆ ಹೇಳಿದರೆ ನಿಮ್ಮ ನಾಟಕ ಅಲ್ಲೇ ಕುಸಿಯುತ್ತದೆ. ಜೊತೆಗೆ ಟಿಪ್ಪುವಿನ ಹೆಸರು ಬಂದ ಕಡೆ ಇಂದು ಜನ ಮೊದಲೇ ಎರಡು ಸಾಲಾಗಿ ಕೂತಿರುತ್ತಾರೆ. ಕೊಡಗಿನ ಮೂಲದ ಮಕ್ಕಳು ನಿಮ್ಮ ತರಗತಿಯಲ್ಲಿದ್ದರೆ ಅವರ ಮನೆಯ ನೆನಪುಗಳೇ ಬೇರೆ. ಖಳನೊಬ್ಬ ಬೇಕೆಂದು ಹೊರಟರೆ ಎದುರಿಗೆ ನಾಯಕನೊಬ್ಬನನ್ನೂ ನಿಲ್ಲಿಸಬೇಕಾಗುತ್ತದೆ, ಜಗಳ ಅಲ್ಲಿಂದ ಶುರು.

ನಾನಾದರೆ ಕನ್ನಂಬಾಡಿಯಿಂದ ಆರಂಭಿಸುತ್ತೇನೆ. ಮಳೆ, ಸತ್ತ ಎತ್ತುಗಳು, ತನ್ನ ತೋಪನ್ನು ತಾನೇ ಸಿಡಿಸುವ ಸೇನಾಪತಿ. ಊರಿನವರಿಗೆ ಗೊತ್ತಿರುವ ಹೆಸರು, ಕಿವಿ ನೆಟ್ಟಗಾಗುತ್ತದೆ. ಎರಡನೆಯ ದೃಶ್ಯ ಗಡಿಯಾರ. ಮೂರನೆಯದು ಕೊಡಗಿನ ತಕರಾರು: ಕಾವಲಿನವರ ಆಯುಧ ಕಿತ್ತುಕೊಳ್ಳುವಾಗ ಹುಡುಗರ ಕೈಯಲ್ಲಿ ಅದೇ ಗಡಿಯಾರಗಳಿರಲಿ. ಮಾತು ಹೆಚ್ಚು ಬೇಡ. ಇದರಲ್ಲೂ ಒಂದು ತೊಡಕಿದೆ. ಹುಡುಗರ ಬಾಯಿಗೆ ಹಾಕುವ ಮಾತುಗಳೆಲ್ಲ ನಿಮ್ಮ ಕಲ್ಪನೆಯವೇ ಆಗುತ್ತವೆ. ಆರಂಭದಲ್ಲೇ ನಿರೂಪಕ ಅದನ್ನು ಒಂದು ಸಾಲಿನಲ್ಲಿ ಹೇಳಿಬಿಡಲಿ.

ವೇಷದ ವಿಷಯ ಎರಡು ಮಾತು. ಆಗ ಅವನಿಗೆ ಐವತ್ತಮೂರು, ದಪ್ಪ ಮೈ, ಒಂದು ಕಣ್ಣು ಓರೆ. ಉದ್ದನೆಯ ಸಣಕಲು ಹುಡುಗನನ್ನು ಆರಿಸಬೇಡಿ. ಮೀಸೆ ಅಂಟಿಸಬೇಡಿ, ಆ ಕಾಲದ ಇಂಗ್ಲಿಷ್ ಅಧಿಕಾರಿಗಳು ನುಣ್ಣಗೆ ಬೋಳಿಸಿಕೊಂಡಿರುತ್ತಿದ್ದರು. ಗಡಿಯಾರ ಮಾತ್ರ ಕೈಗೆ ಕಟ್ಟುವುದಲ್ಲ, ಸರಪಳಿಯದ್ದು, ಜೇಬಿನಲ್ಲಿ ಇಡುವಂಥದ್ದು. ಯಾರದಾದರೂ ಅಜ್ಜನ ಪೆಟ್ಟಿಗೆಯಲ್ಲಿ ಕೆಟ್ಟುನಿಂತ ಒಂದಾದರೂ ಸಿಕ್ಕೀತು. ಪ್ರಶ್ನೆ ಕೇಳಿದ ಆ ಹುಡುಗನನ್ನೇ ಹುಡುಕಲು ಕಳಿಸಿ.